ನೆಲ ಸಿಕ್ಕವರು, ಕೂಲಿ ಸಿಕ್ಕವರು, ಕಾಗದ ಸಿಗದವರು

ಸರ್ಕಾರವೇ ಕರೆತಂದು ಕೂರಿಸಿದ ಹೊರಗಿನವರ ಮೂರು ದೊಡ್ಡ ಗುಂಪುಗಳು ಕರ್ನಾಟಕದಲ್ಲಿವೆ. ಪಿರಿಯಾಪಟ್ಟಣ, ಹುಣಸೂರು, ಹನೂರು, ಮುಂಡಗೋಡ ತಾಲ್ಲೂಕುಗಳಲ್ಲಿ ಟಿಬೆಟಿನವರು. ಸಿಂಧನೂರಿನ ಕಾಲುವೆ ಬಯಲಲ್ಲಿ ಪೂರ್ವ ಬಂಗಾಳದವರು. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರು. ಮೊದಲನೆಯವರ ಊರಿಗೆ ನಾವು ಶಾಲೆಯ ಪ್ರವಾಸ ಹೋಗುತ್ತೇವೆ, ಗೋಲ್ಡನ್ ಟೆಂಪಲ್ ಮುಂದೆ ಫೋಟೊ ತೆಗೆಸಿಕೊಂಡು ಮೊಮೊ ತಿಂದು ಬರುತ್ತೇವೆ. ಎರಡನೆಯವರ ಸುದ್ದಿ ಚುನಾವಣೆಯ ಹೊತ್ತಿಗೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ತಲೆ ಹಾಕುತ್ತದೆ. ಮೂರನೆಯವರು ಇದ್ದಾರೆಂಬುದೇ ಘಟ್ಟದ ಮೇಲಿನ ಬಹುಪಾಲು ಜನಕ್ಕೆ ಗೊತ್ತಿಲ್ಲ.

ಈ ಮೂವರ ಐವತ್ತು ಅರವತ್ತು ವರ್ಷದ ಬದುಕನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕನ್ನಡಿಗರು ಉದಾರಿಗಳು ಎಂಬ ವೇದಿಕೆಯ ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಬಂದ ಹೊಸದರಲ್ಲಿ ಅವರ ಕೈಗೆ ಏನನ್ನು ಕೊಟ್ಟೆವು ಎಂಬುದರ ಮೇಲೆಯೇ ಮೊಮ್ಮಕ್ಕಳ ಬದುಕು ನಿಂತಿದೆ ಎನ್ನುವುದು ನನ್ನ ಅನಿಸಿಕೆ. ಒಬ್ಬರಿಗೆ ನೆಲದ ಜತೆಗೆ ತಮ್ಮ ಶಾಲೆ, ತಮ್ಮ ಮಠ, ತಮ್ಮ ಸೊಸೈಟಿ ನಡೆಸಿಕೊಳ್ಳುವ ಅವಕಾಶ ಸಿಕ್ಕಿತು. ಇನ್ನೊಬ್ಬರಿಗೆ ಬರೀ ನೆಲ. ಮತ್ತೊಬ್ಬರಿಗೆ ಬರೀ ಕೂಲಿ. ಪೌರತ್ವದ ಕಾಗದದ ವಿಷಯದಲ್ಲಿ ಮಾತ್ರ ಈ ಕ್ರಮ ತಿರುವುಮುರುವು.

1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು, ಅದೇ ತಿಂಗಳ ಕೊನೆಗೆ ದಲೈ ಲಾಮಾ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಅಸ್ಸಾಮಿನ ಮಿಸ್ಸಮಾರಿಯಲ್ಲಿ ಬಿದಿರಿನ ಶೆಡ್ಡುಗಳಲ್ಲಿ ಅವರನ್ನು ಇಳಿಸಿದರು. ಭಿಕ್ಷುಗಳಲ್ಲಿ ಹಲವರನ್ನು ಬಂಗಾಳದ ಬಕ್ಸಾಕ್ಕೆ ಕಳಿಸಿದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಟ್ಟಿದ್ದ ಕೋಟೆ ಅದು. ಉಳಿದವರು ಹಿಮಾಲಯದ ರಸ್ತೆ ಕೆಲಸಕ್ಕೆ ಹೋದರು. ಒಂದೆಡೆ ನೆಲೆ ನಿಲ್ಲಿಸದಿದ್ದರೆ ಈ ಜನ ಚೆದುರಿ ಹೋಗುತ್ತಾರೆ ಎಂದು ನೆಹರೂ ರಾಜ್ಯಗಳಿಗೆ ಜಮೀನು ಕೇಳಿ ಬರೆದರು. ಎಲ್ಲರಿಗಿಂತ ದೊಡ್ಡ ಮನಸ್ಸು ಮಾಡಿದ್ದು ಮೈಸೂರು ರಾಜ್ಯ.

ಈ ಸಂದರ್ಭದಲ್ಲಿ ಎಲ್ಲರೂ ನೆನೆಯುವ ಹೆಸರು ಎಸ್. ನಿಜಲಿಂಗಪ್ಪನವರದು. ದಲೈ ಲಾಮಾ ಅವರೂ ನೆನೆಯುತ್ತಾರೆ. ಆದರೆ 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಮೊದಲ ವಸತಿ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. 1966ರಲ್ಲಿ ಮುಂಡಗೋಡದ ವಸತಿಯಾದಾಗ ನಿಜಲಿಂಗಪ್ಪ. 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸತಿಯಾದಾಗ ವೀರೇಂದ್ರ ಪಾಟೀಲ. ಎಪ್ಪತ್ತರ ದಶಕದ ಆರಂಭದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದ ವಸತಿಗಳಾದಾಗ ದೇವರಾಜ ಅರಸು, ಮೊದಲನೆಯದಂತೂ ಅವರದೇ ತಾಲ್ಲೂಕಿನಲ್ಲಿ. ಒಬ್ಬರ ಕಾಲದ ಕೆಲಸವನ್ನು ಇನ್ನೊಬ್ಬರು ಕೆಡಿಸದೆ ಮುಂದುವರಿಸಿದರು ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. ಕಾಂಗ್ರೆಸ್ಸಿನ ಒಳಜಗಳದಲ್ಲಿ ಇವರೆಲ್ಲ ಒಂದೇ ಕಡೆ ಇದ್ದವರೂ ಅಲ್ಲ.

ಬೈಲಕುಪ್ಪೆಯಲ್ಲಿ ಮೊದಲು ಕೊಟ್ಟದ್ದು ಸುಮಾರು 3,000 ಎಕರೆ, ಮುಂಡಗೋಡದಲ್ಲಿ ಸುಮಾರು 4,000. ಎಕರೆಯ ಲೆಕ್ಕ ಕೇಳಲು ಚೆನ್ನ. ಕೊಟ್ಟದ್ದು ಕಾಡು. ಯಾಕ್ ಕಾಯುತ್ತಿದ್ದವರು, ಬಾರ್ಲಿ ಬೆಳೆಯುತ್ತಿದ್ದವರು, ಉಣ್ಣೆಯ ಚುಬಾ ಬಿಟ್ಟರೆ ಬೇರೆ ಬಟ್ಟೆ ಕಾಣದವರು ಬಂದು ಮರ ಕಡಿದು, ಬುಡ ಕಿತ್ತು, ಸುಟ್ಟು, ಹೊಲ ಮಾಡಬೇಕಿತ್ತು. ಸೆಕೆ, ಕ್ಷಯ ಹಲವರನ್ನು ತಿಂದವು. ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಆನೆ ಬಂತು. ಅಟ್ಟಣೆ ಕಟ್ಟಿ ತಮಟೆ ಬಡಿದು ಆನೆ ಓಡಿಸುವುದನ್ನು ಅವರು ಇಲ್ಲಿಯೇ ಕಲಿಯಬೇಕಾಯಿತು.

ಆಮೇಲೆ ನಡೆದದ್ದರಲ್ಲಿ ಸರ್ಕಾರದ ಪಾಲು ಇದೆ, ಸ್ವಿಸ್ ನೆರವಿನ ಪಾಲಿದೆ, ಅವರದೇ ಶಿಸ್ತಿನ ಪಾಲು ಎಲ್ಲಕ್ಕಿಂತ ದೊಡ್ಡದು. ಪ್ರತಿ ವಸತಿಗೂ ಒಂದು ಸಹಕಾರ ಸಂಘ. ಬೀಜ, ಗೊಬ್ಬರ, ಟ್ರ್ಯಾಕ್ಟರು, ಗಿರಣಿ, ರತ್ನಗಂಬಳಿ ನೇಯುವ ಕೇಂದ್ರ ಎಲ್ಲ ಅದರ ಕೈಯಲ್ಲಿ. 1961ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯ ಟಿಬೆಟಿನ ಮಕ್ಕಳಿಗೆಂದೇ ಶಾಲಾ ಆಡಳಿತವೊಂದನ್ನು ಕಟ್ಟಿತು, ಅದರ ಶಾಲೆಗಳು ಇಲ್ಲಿಗೂ ಬಂದವು. 1963ರಲ್ಲಿ ಪೆನೋರ್ ರಿಂಪೋಚೆ ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ ಮಠಕ್ಕೆ ಕೈಹಾಕಿದರು. ಬಕ್ಸಾದಲ್ಲಿ ಸೊರಗುತ್ತಿದ್ದ ಭಿಕ್ಷುಗಳು ಅರವತ್ತರ ದಶಕದ ಕೊನೆಯ ಹೊತ್ತಿಗೆ ಇಲ್ಲಿಗೆ ಬಂದು ಬೈಲಕುಪ್ಪೆಯಲ್ಲಿ ಸೆರಾ, ಮುಂಡಗೋಡದಲ್ಲಿ ಡ್ರೆಪುಂಗ್ ಮತ್ತು ಗಂಡೆನ್ ಮಠಗಳನ್ನು ಮತ್ತೆ ಎಬ್ಬಿಸಿದರು. ಲ್ಹಾಸಾ ಸುತ್ತಲಿನ ಮೂರು ಮಹಾವಿದ್ಯಾಪೀಠಗಳು ಹೀಗೆ ಮೈಸೂರು ಮತ್ತು ಉತ್ತರ ಕನ್ನಡ ಜಿಲ್ಲೆಗಳ ವಿಳಾಸ ಪಡೆದವು. ಅಲ್ಲಿ ತರ್ಕಶಾಸ್ತ್ರ ಕಲಿಯಲು ಇಂದು ಲಡಾಖ್, ಸ್ಪಿತಿ, ಅರುಣಾಚಲ, ನೇಪಾಳ, ಭೂತಾನಗಳಿಂದ ಹುಡುಗರು ಬರುತ್ತಾರೆ. ಧಾರವಾಡ ಸೀಮೆಯ ಪಕ್ಕದಲ್ಲೇ ಇಂಥದೊಂದು ವಿದ್ಯಾಕೇಂದ್ರ ಇದೆ ಎಂಬುದು ನಮ್ಮ ವಿಶ್ವವಿದ್ಯಾಲಯಗಳಿಗೆ ಇನ್ನೂ ಸರಿಯಾಗಿ ಹೊಳೆದಿಲ್ಲ.

ಬರೀ ಬೇಸಾಯದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಮಳೆಯಾಶ್ರಿತ ಹೊಲ, ಮನೆಯಲ್ಲಿ ಮಕ್ಕಳು ಹೆಚ್ಚಾದಂತೆ ಪಾಲು ಸಾಲದು. ಆಗ ಹಿಡಿದದ್ದು ಸ್ವೆಟರ್ ವ್ಯಾಪಾರ. ಜೂನ್ ಮಳೆಗೆ ಮೆಕ್ಕೆಜೋಳ ಬಿತ್ತಿ, ದಸರೆ ಕಳೆದ ಮೇಲೆ ಮುರಿದು ಒಕ್ಕಿ, ಮನೆಯಲ್ಲಿ ಅಜ್ಜ-ಅಜ್ಜಿಯನ್ನು ಬಿಟ್ಟು ಗಂಡ-ಹೆಂಡತಿ ಊರೂರಿನ ಮೈದಾನ, ಫುಟ್‌ಪಾತುಗಳಲ್ಲಿ ಅಂಗಡಿ ಹಾಕುತ್ತಾರೆ. ಮಾಲು ಲೂಧಿಯಾನದ್ದು. ಅಲ್ಲಿನ ಲಾಲಾಗಳು ಬಹುತೇಕ ಬಾಯಿಮಾತಿನ ಮೇಲೆ ಉದ್ದರಿ ಕೊಡುತ್ತಾರೆ, ಚಳಿ ಮುಗಿದ ಮೇಲೆ ಲೆಕ್ಕ ಚುಕ್ತಾ. ಟಿಬೆಟಿನವರ ಹೊಸವರ್ಷ ಲೋಸರ್ ಫೆಬ್ರುವರಿ-ಮಾರ್ಚ್‌ನಲ್ಲಿ ಬರುವಷ್ಟರಲ್ಲಿ ಎಲ್ಲರೂ ಊರು ಸೇರಬೇಕು. ನಮ್ಮ ತಲೆಮಾರಿನವರು ಚೌಕಾಸಿ ಮಾಡಿ ತೊಟ್ಟ ಮೊದಲ ಉಣ್ಣೆಯ ಅಂಗಿ ಇವರ ಕೈಯಿಂದ ಬಂದದ್ದು. ಅವರು ಕನ್ನಡದ ಅಂಕಿಗಳನ್ನು ಚೆನ್ನಾಗಿ ಕಲಿತದ್ದೂ ಈ ಚೌಕಾಸಿಯಲ್ಲೇ ಇರಬೇಕು.

ಸ್ವಾಗತ ಎಂದರೆ ನಮಗೆ ಕಣ್ಣಿಗೆ ಬರುವುದು ಹಾರ, ತುರಾಯಿ. ಬೈಲಕುಪ್ಪೆಯ ಸುತ್ತಿನ ಹಳ್ಳಿಗಳವರು ಅಂಥದ್ದೇನೂ ಮಾಡಲಿಲ್ಲ. ಟಿಬೆಟಿನವರ ಹೊಲಕ್ಕೆ ಕೂಲಿಗೆ ಹೋದರು, ಅವರಿಗೆ ನೇಗಿಲು ಹಿಡಿಯುವುದನ್ನು ತೋರಿಸಿದರು, ಹಾಲು ಹಾಕಿದರು, ಸಾಲ ಕೊಟ್ಟರು, ಸಾಲ ಪಡೆದರು, ಕೆಲವೊಮ್ಮೆ ಜಗಳವಾಡಿದರು. ಈಗ ಮಠಗಳ ಕಟ್ಟಡ ಕೆಲಸ, ಆಟೊ, ಲಾಡ್ಜು, ಹೋಂಸ್ಟೇ ಎಲ್ಲದರಲ್ಲೂ ಸ್ಥಳೀಯರ ದುಡಿಮೆ ಇದೆ. ನದಿಯಾಚೆಯ ಕುಶಾಲನಗರ ಇಂದು ಇಷ್ಟು ಬೆಳೆದಿರುವುದಕ್ಕೆ 1999ರಲ್ಲಿ ಬಾಗಿಲು ತೆರೆದ ಗೋಲ್ಡನ್ ಟೆಂಪಲ್ಲೂ ಒಂದು ಕಾರಣ. ಮುಂಡಗೋಡದವರು ತಮ್ಮಲ್ಲಿನ ವಸತಿಯನ್ನು ಇವತ್ತಿಗೂ ‘ಲಾಮಾ ಕ್ಯಾಂಪ್’ ಎಂದೇ ಕರೆಯುತ್ತಾರೆ. ಆ ಕರೆಯುವಿಕೆಯಲ್ಲಿ ಸಸಾರವೂ ಇಲ್ಲ, ಅತಿ ಭಕ್ತಿಯೂ ಇಲ್ಲ.

ಹಾಗೆಂದು ಎಲ್ಲ ನೆರೆಹೊರೆಯವರಿಗೂ ಲೆಕ್ಕ ಸಮವಾಗಿಲ್ಲ. ಟಿಬೆಟಿನವರಿಗೆ ಕಾಡು ಕಡಿದು ಹೊಲ ಮಾಡಿಕೊಳ್ಳಲು ಬಿಟ್ಟ ಪಿರಿಯಾಪಟ್ಟಣ, ಹುಣಸೂರುಗಳ ಪಕ್ಕದಲ್ಲೇ ನಾಗರಹೊಳೆ ಇದೆ. 1972ರ ವನ್ಯಜೀವಿ ಕಾಯ್ದೆಯ ನಂತರ ಅದೇ ಕಾಡಿನಿಂದ ಜೇನುಕುರುಬ, ಬೆಟ್ಟಕುರುಬ, ಎರವರ ಹಾಡಿಗಳನ್ನು ಒಕ್ಕಲೆಬ್ಬಿಸಿದರು. ಅವರಲ್ಲಿ ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ, ಪುನರ್ವಸತಿ ಸಿಗಬೇಕಾದ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು. ಅದು ಪೂರ್ತಿ ಜಾರಿಯಾಗಲೇ ಇಲ್ಲ. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ತಾವಾಗಿಯೇ ಮರಳಿ ಹೋಗಿ ಗುಡಿಸಲು ಹಾಕಿದವು. ‘ಹೊರಗಿನವರಿಗೆ ಕೊಟ್ಟಿರಿ, ನಮ್ಮನ್ನು ಹೊರಗೆ ಹಾಕಿದಿರಿ’ ಎಂದು ಅವರಲ್ಲಿ ಒಬ್ಬರು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಆದರೆ ಇದರ ಹೊಣೆಯನ್ನು ಟಿಬೆಟಿನವರ ತಲೆಗೆ ಕಟ್ಟುವುದು ತಪ್ಪು. ಕೊಟ್ಟ ಕೈಯೂ ಕಿತ್ತ ಕೈಯೂ ಸರ್ಕಾರದ್ದೇ. ನಿರಾಶ್ರಿತರ ಪುನರ್ವಸತಿಗೆ ಇದ್ದ ಯೋಜನೆ, ಅಧಿಕಾರಿ, ಹಣ, ಹೊರದೇಶದ ಕಣ್ಣು ಯಾವುದೂ ಹಾಡಿಯವರ ಪಾಲಿಗೆ ಇರಲಿಲ್ಲ.

ಆ ಯೋಜನೆಯಿಂದ ನಮ್ಮವರಿಗೆ ಬಂದ ಒಂದು ಲಾಭದ ಬಗ್ಗೆ ಹೇಳಲೇಬೇಕು. ಟಿಬೆಟಿನವರ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಹೆಸರಿನಲ್ಲೇ ಮೈಸೂರು ಮತ್ತು ಪುನರ್ವಸತಿ ಎರಡೂ ಸೇರಿವೆ. ಆ ಕೆಲಸ ಮುಗಿಯುತ್ತ ಬಂದಂತೆ ಅದು ಸುತ್ತಲಿನ ಬಡ ಹಳ್ಳಿಗಳ ಕಡೆ ತಿರುಗಿತು. ಎಂಬತ್ತರ ದಶಕದ ನಡುವಿನಲ್ಲಿ ದೊಡ್ಡ ಸಹಕಾರ ಸಂಘಗಳು ಸೋತ ಕಡೆ ಹದಿನೈದು ಇಪ್ಪತ್ತು ಜನರ ಚಿಕ್ಕ ಗುಂಪು ಮಾಡಿ, ವಾರವಾರ ಉಳಿತಾಯ ಹಾಕಿ, ಒಳಗೊಳಗೇ ಸಾಲ ಕೊಡುವ ಕ್ರಮವನ್ನು ಬೆಳೆಸಿತು. ನಬಾರ್ಡ್ ಅದನ್ನು ಗಮನಿಸಿ ಹಣ ಕೊಟ್ಟಿತು. 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರುವಾಗಿ ಮುಂದೆ ದೇಶಕ್ಕೇ ಹರಡಿತು. ಇವತ್ತು ಯಾವ ಹಳ್ಳಿಗೆ ಹೋದರೂ ಹೆಂಗಸರು ‘ಸಂಘದ ಕಂತು ಕಟ್ಟಬೇಕು’ ಎನ್ನುತ್ತಾರಲ್ಲ, ಆ ಸಂಘದ ಬೇರುಗಳಲ್ಲಿ ಒಂದು ನಿರಾಶ್ರಿತರ ಕ್ಯಾಂಪಿಗೆ ಹೋಗಿ ಮುಟ್ಟುತ್ತದೆ.

ಸಿಂಧನೂರಿನ ಕಥೆಗೆ ಇಷ್ಟು ಮಂದಿ ಪೋಷಕರು ಸಿಗಲಿಲ್ಲ. 1964ರ ಗಲಭೆಗಳ ನಂತರ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಹಿಂದೂಗಳಲ್ಲಿ ಬಹಳಷ್ಟು ಮಂದಿ ನಾಮಶೂದ್ರರು, ಮೀನು ಹಿಡಿಯುವ, ಭತ್ತ ಬೆಳೆಯುವ ಜನ. ಪಶ್ಚಿಮ ಬಂಗಾಳ ತುಂಬಿಹೋಗಿದೆ ಎಂದು ಅವರನ್ನು ಮಧ್ಯ ಭಾರತದ ಮಾನಾದಂಥ ಶಿಬಿರಗಳಿಗೆ, ದಂಡಕಾರಣ್ಯದ ಯೋಜನೆಗೆ ಅಟ್ಟಿದರು. ಇನ್ನಷ್ಟು ರಾಜ್ಯಗಳೂ ಪಾಲು ಹೊತ್ತುಕೊಂಡವು. ನಮ್ಮ ಪಾಲಿಗೆ ಬಂದವರನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕಡೆ ಸಿಂಧನೂರು ತಾಲ್ಲೂಕಿನಲ್ಲಿ ಇಳಿಸಿ ಜಮೀನು ಕೊಟ್ಟರು. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಎಂದು ನಂಬರು ಬಿತ್ತು. ಆ ನಂಬರುಗಳೇ ಊರ ಹೆಸರಾದವು.

ನೀರು ಕಂಡ ಬಂಗಾಳಿಗೆ ಭತ್ತ ಹೊಸದಲ್ಲ. ಕರಿಮಣ್ಣು ಹೊಸದು, ಜೋಳದ ರೊಟ್ಟಿ ಹೊಸದು, ಮೇ ತಿಂಗಳ ರಾಯಚೂರಿನ ಬಿಸಿಲಂತೂ ಯಾರಿಗಾದರೂ ಹೊಸದೇ. ಎರಡು ತಲೆಮಾರಿನಲ್ಲಿ ಅವರ ಮಕ್ಕಳು ಸಿಂಧನೂರು ಸಂತೆಯಲ್ಲಿ ‘ಎಷ್ಟಕ್ಕ ಕೊಡ್ತಿ’ ಎಂದು ಅಲ್ಲಿಯವರ ಧಾಟಿಯಲ್ಲೇ ಕೇಳುವಂತಾದರು, ಶರನ್ನವರಾತ್ರಿಯಲ್ಲಿ ದುರ್ಗಾಪೂಜೆಯ ಪೆಂಡಾಲನ್ನೂ ಬಿಡಲಿಲ್ಲ. ನೆಲದ ಮಟ್ಟಿಗೆ ಕಥೆ ಸುಖಾಂತ. ಮುಂದೆ ಸಿಕ್ಕು. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಗಡಿ ದಾಟುವಾಗ ಜಾತಿಯ ಅವಮಾನ ಅವರ ಜತೆಗೇ ಬಂತು, ಅದಕ್ಕೆ ಸಂವಿಧಾನ ಕೊಟ್ಟ ಪರಿಹಾರ ಬರಲಿಲ್ಲ. ಕಾಲೇಜು ಸೀಟು, ಹಾಸ್ಟೆಲು, ವಿದ್ಯಾರ್ಥಿವೇತನ, ನೌಕರಿ ಎಲ್ಲ ಕಡೆಯೂ ತಹಶೀಲ್ದಾರ್ ಕಚೇರಿಯ ಆ ಒಂದು ಹಾಳೆ ಅಡ್ಡ ನಿಲ್ಲುತ್ತದೆ. ಪೌರತ್ವದ ಗೊಂದಲ ಇದರ ಮೇಲಿನದು. ಮೊದಲು ಬಂದವರು ಹೇಗೋ ದಾಖಲೆ ಮಾಡಿಕೊಂಡರು. ತಡವಾಗಿ, ನೆಂಟರ ಹಿಂದೆ ಬಂದವರನ್ನು 2003ರ ತಿದ್ದುಪಡಿ ಅಕ್ರಮ ವಲಸಿಗರ ಸಾಲಿಗೆ ನೂಕಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್‌ನಲ್ಲಿ ನಿಯಮಗಳು ಬಂದ ಮೇಲೆ ಈ ಕ್ಯಾಂಪುಗಳ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿತು. ಆ ಕಾಯ್ದೆಯ ಬಗ್ಗೆ ನನಗೆ ತಕರಾರುಗಳಿವೆ. ಆದರೆ ಅರ್ಧ ಆಯುಷ್ಯ ಅರ್ಜಿ ಹಿಡಿದು ತಿರುಗಿದವರ ನೆಮ್ಮದಿಯನ್ನು ಲೇವಡಿ ಮಾಡಲಾರೆ.

ಸುಳ್ಯದವರನ್ನು ನಿರಾಶ್ರಿತರು ಎನ್ನಬಹುದೇ ಎಂದು ಕಾನೂನು ಬಲ್ಲವರು ತಗಾದೆ ತೆಗೆಯಬಹುದು. ಅವರು ಒಪ್ಪಂದದ ಮೇಲೆ ವಾಪಸು ಬಂದವರು. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳು ಜಿಲ್ಲೆಗಳಿಂದ ಸಿಲೋನಿನ ಕಾಫಿ, ಆಮೇಲೆ ಚಹಾ ತೋಟಗಳಿಗೆ ಸಾಗಿಸಿದ ಕೂಲಿಗಳ ಮೊಮ್ಮಕ್ಕಳು ಇವರು. 1948ರಲ್ಲಿ ಸಿಲೋನಿನ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಕೂತು ಲೆಕ್ಕ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡೂ ದೇಶಗಳು ಸಮಪಾಲು ಮಾಡಿಕೊಂಡವು. ಹೋಗುವವರಲ್ಲಿ ಬಹುಪಾಲು ಜನ ಭಾರತವನ್ನು ಕಣ್ಣಲ್ಲೇ ಕಂಡವರಲ್ಲ. ತಲೈಮನ್ನಾರಿನಲ್ಲಿ ಹಡಗು ಹತ್ತಿ, ರಾಮೇಶ್ವರದಲ್ಲಿ ಇಳಿದು, ಮಂಡಪಂ ಶಿಬಿರದಲ್ಲಿ ಕುಟುಂಬ ಕಾರ್ಡು ತೋರಿಸಿ, ಕಳಿಸಿದಲ್ಲಿಗೆ ಹೋದರು. ನೀಲಗಿರಿಯ ಚಹಾಕ್ಕೆ ಹಲವರು ಹೋದರೆ, ಸರ್ಕಾರ ಇವರಿಗಾಗಿಯೇ ಎಬ್ಬಿಸಿದ ಸುಳ್ಯ-ಪುತ್ತೂರಿನ ರಬ್ಬರ್ ತೋಟಗಳಿಗೆ ಕೆಲವು ಸಾವಿರ ಮಂದಿ ಬಂದರು. ತೋಟಗಳು ಈಗ ಅರಣ್ಯ ಅಭಿವೃದ್ಧಿ ನಿಗಮದ ಸುಪರ್ದಿಯಲ್ಲಿವೆ.

ರಬ್ಬರ್ ಟ್ಯಾಪಿಂಗ್ ಕೆಲಸ ಬೆಳಗಿನ ಜಾವದ್ದು. ತಲೆಗೆ ಟಾರ್ಚು ಕಟ್ಟಿಕೊಂಡು ಗುಡ್ಡ ಹತ್ತಬೇಕು. ಮರದ ತೊಗಟೆಯನ್ನು ಓರೆಯಾಗಿ, ಕೂದಲೆಳೆಯಷ್ಟೇ ಕೆತ್ತಬೇಕು. ಕತ್ತಿ ಆಳಕ್ಕಿಳಿದರೆ ಮರ ಹಾಳು, ಮೇಲೆಯೇ ಸವರಿದರೆ ಹಾಲು ಬಾರದು. ಗೆರಟೆಗೆ ತೊಟ್ಟಿಕ್ಕಿದ ಹಾಲನ್ನು ಬಿಸಿಲೇರುವ ಮುಂಚೆ ಬಕೆಟಿಗೆ ಸುರಿದು ತೂಕಕ್ಕೆ ಒಯ್ಯಬೇಕು. ಕರಾವಳಿಯ ಮಳೆಗಾಲದಲ್ಲಿ ಇಂಬಳ, ಜಾರುವ ಬರೆ, ಹಾವು. ಈ ಕೆಲಸದಲ್ಲಿ ಹೆಂಗಸರೂ ಗಂಡಸರೂ ಸಮಸಮ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಇಲ್ಲಿ ಹುಟ್ಟಿ ಬೆಳೆದರು. ಪೌರತ್ವದ ಚಿಂತೆ ಇವರಿಗಿಲ್ಲ. ಒಪ್ಪಂದದ ಪ್ರಕಾರವೇ ಬಂದವರು, ಮತ ಹಾಕುತ್ತಾರೆ. ಇಲ್ಲದ್ದು ನೆಲ. ಕೆಲಸ ಇರುವವರೆಗೆ ಕ್ವಾರ್ಟರ್ಸು. ನಿವೃತ್ತಿಯಾದರೆ, ಮಕ್ಕಳಲ್ಲಿ ಒಬ್ಬರಾದರೂ ತೋಟದ ಕೆಲಸಕ್ಕೆ ಸೇರದಿದ್ದರೆ, ಸೂರಿನ ಪ್ರಶ್ನೆ ಎದ್ದು ನಿಲ್ಲುತ್ತದೆ. ಓದಿದ ಮಗಳು ಮಂಗಳೂರಿನಲ್ಲಿ ಕೆಲಸ ಹಿಡಿದಳೆಂದು ತಾಯಿ ಸಂತೋಷಪಡಬೇಕೋ, ಮನೆ ಹೋಗುತ್ತದೆಂದು ಅಂಜಬೇಕೋ? ಜಾತಿ ಪ್ರಮಾಣಪತ್ರದ ಓಡಾಟ ಇವರಿಗೂ ತಪ್ಪಿಲ್ಲ.

ಈಗ ಟಿಬೆಟಿನವರ ಕಾಗದ. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ದೇಶದೊಳಗೆ ನಿರಾಶ್ರಿತರ ಕಾಯ್ದೆ ಎಂಬುದೂ ಇಲ್ಲ. ಬಂದವರನ್ನು ಹೇಗೆ ಕಾಣಬೇಕೆಂಬುದು ಆಯಾ ಹೊತ್ತಿನ ಆದೇಶ. ಟಿಬೆಟಿನವರು ವಿದೇಶಿಯರೆಂದೇ ನೋಂದಣಿಯಾಗಿ ಆರ್.ಸಿ. ಎಂಬ ಪುಸ್ತಿಕೆಯನ್ನು ಕಾಲಕಾಲಕ್ಕೆ ನವೀಕರಿಸುತ್ತ ಬದುಕುತ್ತಾರೆ. ನೆಲವೂ ಅವರ ಹೆಸರಿನ ಪಹಣಿಯಲ್ಲಿಲ್ಲ, ಗುತ್ತಿಗೆಯದು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ನಮ್ಮ ಹೈಕೋರ್ಟೂ ಅದೇ ನಿಲುವು ತಳೆಯಿತು. ಮರುವರ್ಷ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2017ರಲ್ಲಿ ಕೇಂದ್ರ ಪಾಸ್‌ಪೋರ್ಟ್ ಕೊಡಲೂ ಒಪ್ಪಿತು, ಜತೆಗೆ ಷರತ್ತುಗಳನ್ನು ಹಾಕಿತು: ಆರ್.ಸಿ. ಒಪ್ಪಿಸಬೇಕು, ನಿರಾಶ್ರಿತರ ವಸತಿ ಬಿಟ್ಟು ಹೊರಡಬೇಕು, ಅಲ್ಲಿನ ಸವಲತ್ತು ಕೈಬಿಡಬೇಕು. ಅಂದರೆ ಪೌರ ಎನಿಸಿಕೊಳ್ಳಲು ಅಪ್ಪ ಕಡಿದು ಮಾಡಿದ ಹೊಲವನ್ನೂ ಅಮ್ಮ ಇರುವ ಮನೆಯನ್ನೂ ಬಿಡಬೇಕು. ಹಲವರು ಅರ್ಜಿ ಹಾಕಲೇ ಇಲ್ಲ. ಪೌರತ್ವ ಪಡೆದರೆ ಟಿಬೆಟಿನ ಹಕ್ಕನ್ನೇ ಬಿಟ್ಟಂತೆ ಎಂಬ ಹಿರಿಯರ ಅಳುಕೂ ಇದಕ್ಕೆ ಸೇರಿದೆ. 2019ರ ಕಾಯ್ದೆ ಬೌದ್ಧರನ್ನು ಹೆಸರಿಸುತ್ತದೆ, ಚೀನಾವನ್ನು ಹೆಸರಿಸುವುದಿಲ್ಲ. ಹಾಗಾಗಿ ಈ ಬೌದ್ಧರಿಗೆ ಅದು ಉಪಯೋಗಕ್ಕಿಲ್ಲ.

ಕಾಗದ ಇಲ್ಲದ ಯುವಕರು ಹೊರದೇಶದ ದಾರಿ ಹಿಡಿದಿದ್ದಾರೆ. 2009ರ ಗಣತಿಯಲ್ಲಿ ಭಾರತದಲ್ಲಿ ಸುಮಾರು 94,000 ಟಿಬೆಟಿನವರಿದ್ದರು, ಆಮೇಲೆ ಇಳಿಮುಖ. ಮುಂಚೆ ವರ್ಷಕ್ಕೆ ಎರಡು ಮೂರು ಸಾವಿರ ಜನ ಟಿಬೆಟಿನಿಂದ ಹೊಸದಾಗಿ ದಾಟಿ ಬರುತ್ತಿದ್ದರು, 2008ರ ಗಲಭೆಯ ನಂತರ ಚೀನಾ ಗಡಿ ಬಿಗಿ ಮಾಡಿದ ಮೇಲೆ ಅದೂ ನಿಂತಂತೆಯೇ. ಕ್ಯಾಂಪುಗಳಲ್ಲಿ ಮಠ ತುಂಬಿದೆ, ಮನೆಗಳಲ್ಲಿ ಮುದುಕರಿದ್ದಾರೆ, ಶಾಲೆಯ ಬೆಂಚು ಖಾಲಿಯಾಗುತ್ತಿದೆ. ಹೊಲವನ್ನು ಪಕ್ಕದ ಹಳ್ಳಿಯವರು ಗುತ್ತಿಗೆಗೆ ಮಾಡುತ್ತಾರೆ.

ಬೆಂಗಳೂರಿನ ಉತ್ತರದ ಹೊರವಲಯದಲ್ಲಿ ಕಸ ಆಯ್ದು ವಿಂಗಡಿಸಿ ಬದುಕುವ ರೋಹಿಂಗ್ಯಾ ಕುಟುಂಬಗಳ ಬಗ್ಗೆ ಬರೆದರೆ ಇನ್ನೊಂದು ಲೇಖನವಾಗುತ್ತದೆ. ಅವರಿಗೆ ನೆಲವಿಲ್ಲ, ನೌಕರಿಯಿಲ್ಲ. ವಿಶ್ವಸಂಸ್ಥೆಯ ಕಾರ್ಡು ಇದ್ದರೂ ಇಲ್ಲಿಯ ಪೊಲೀಸರು ಅದಕ್ಕೆ ಬೆಲೆ ಕೊಡಲೇಬೇಕೆಂಬ ನಿಯಮವಿಲ್ಲ. 1960ರ ಮೈಸೂರು ರಾಜ್ಯದಂತೆ ಹೊಲ ಮಾಡಿಕೊಳ್ಳಿ ಎಂದು ಕಾಡು ಕೊಡುವ ಕಾಲವಂತೂ ಮುಗಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯದ ಒಂದು ಗುಂಟೆಯೂ ಕದಲುವುದಿಲ್ಲ. ಮುಗಿಯಬೇಕಾದದ್ದೂ ಹೌದು.

ಇಷ್ಟರಲ್ಲಿ ರಾಜ್ಯದ ಕೈಯಲ್ಲಿ ಏನಿದೆ? ಪೌರತ್ವ ದೆಹಲಿಯದು. ಪರಿಶಿಷ್ಟ ಜಾತಿಯ ಪಟ್ಟಿ ಬದಲಿಸುವುದು ಸಂಸತ್ತಿನದು. ರಾಜ್ಯ ಶಿಫಾರಸು ಮಾಡಬಹುದು, ಒತ್ತಾಯಿಸಬಹುದು. ಆದರೆ ಅಸ್ಸಾದಿ ವರದಿಯ ಜಾರಿ ರಾಜ್ಯದ್ದು. ರಬ್ಬರ್ ತೋಟಗಳ ಅರಣ್ಯ ಅಭಿವೃದ್ಧಿ ನಿಗಮವೂ ರಾಜ್ಯದ್ದೇ. ತೋಟದ ನೆಲ ಅರಣ್ಯವಾದ್ದರಿಂದ ಅಲ್ಲಿ ಸೈಟು ಕೊಡಲಾಗದು ಎನ್ನುವುದು ಸರಿ. ಆದರೆ ಸುಳ್ಯ, ಪುತ್ತೂರು ತಾಲ್ಲೂಕಿನ ಕಂದಾಯ ಭೂಮಿಯಲ್ಲಿ ನಿವೃತ್ತ ಕಾರ್ಮಿಕರ ಕುಟುಂಬಕ್ಕೆ ಐದೈದು ಸೆಂಟ್ಸ್ ಜಾಗ ಹುಡುಕುವುದಕ್ಕೆ ಯಾವ ದೇಶದ ಜತೆಗೂ ಒಪ್ಪಂದ ಬೇಕಿಲ್ಲ.